ವಯಸ್ಕರಲ್ಲಿ ಕಲಿಕಾ ನ್ಯೂನತೆ: ಲಕ್ಷಣ ಗುರುತಿಸುವುದರಿಂದ ಪರೀಕ್ಷೆಯವರೆಗೆ

ಕಲಿಕಾ ನ್ಯೂನತೆ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಮೂರನೇ ಕ್ಲಾಸಿನ ಮಗು, ಕೆಂಪು ಗೀಟು ತುಂಬಿದ ನೋಟ್‌ಬುಕ್ಕು. ಆ ಮಗು ಬೆಳೆಯುತ್ತದೆ, ಕೆಲಸಕ್ಕೆ ಸೇರುತ್ತದೆ, ಸಂಸಾರ ಹೂಡುತ್ತದೆ. ನ್ಯೂನತೆಯೂ ಜೊತೆಗೇ ಬರುತ್ತದೆ, ಆದರೆ ವೇಷ ಬದಲಿಸಿಕೊಂಡು. ಮೂವತ್ತು ನಲವತ್ತರ ಹೊತ್ತಿಗೆ ಮನುಷ್ಯ ಎಷ್ಟು ಸುತ್ತುದಾರಿಗಳನ್ನು ಕಂಡುಕೊಂಡಿರುತ್ತಾನೆ ಎಂದರೆ ತಪ್ಪುಗಳು ಹೊರಗೆ ಕಾಣುವುದೇ ಕಡಿಮೆ. ತಪ್ಪುಗಳ ಪಟ್ಟಿ ಹಿಡಿದು ಹುಡುಕಿದರೆ ದೊಡ್ಡವರಲ್ಲಿ ಇದು ಸಿಗುವುದಿಲ್ಲ. ಯಾವ ಕೆಲಸದಿಂದ ತಪ್ಪಿಸಿಕೊಳ್ಳಲು ಅವರು ಎಷ್ಟು ಶ್ರಮಪಡುತ್ತಾರೆ ಎಂಬುದನ್ನು ನೋಡಬೇಕು.

ನಿಮ್ಮ ಬಗ್ಗೆಯೇ ನಿಮಗೆ ಅನುಮಾನವಿದ್ದರೂ, ಹತ್ತಿರದವರ ಬಗ್ಗೆ ಇದ್ದರೂ ಮುಂದಿನ ಹಂತಗಳು ಬಹುತೇಕ ಒಂದೇ. ಕೆಲವು ಹಂತಗಳಿಗೆ ಐದು ನಿಮಿಷ ಸಾಕು, ಕೆಲವಕ್ಕೆ ವಾರಗಳು ಬೇಕು.

ಹಂತ 1: ಏನನ್ನು ಹುಡುಕುತ್ತಿದ್ದೀರಿ ಎಂದು ತಿಳಿದುಕೊಳ್ಳಿ

ಓದು, ಬರವಣಿಗೆ, ಲೆಕ್ಕ ಈ ಮೂರರಲ್ಲಿ ಒಂದೋ ಎರಡೋ ಮಾತ್ರ ಪಟ್ಟು ಹಿಡಿದು ಕೈಕೊಡುವುದು, ಉಳಿದ ವಿಷಯಗಳಲ್ಲಿ ತಿಳಿವಳಿಕೆ ಚೆನ್ನಾಗಿಯೇ ಇರುವುದು: ಕಲಿಕಾ ನ್ಯೂನತೆಯ ಮೂಲ ಸ್ವರೂಪ ಇಷ್ಟೇ. ಓದಿನ ತೊಂದರೆಗೆ ಡಿಸ್‌ಲೆಕ್ಸಿಯಾ, ಬರವಣಿಗೆಯದಕ್ಕೆ ಡಿಸ್‌ಗ್ರಾಫಿಯಾ, ಲೆಕ್ಕದ್ದಕ್ಕೆ ಡಿಸ್‌ಕ್ಯಾಲ್ಕುಲಿಯಾ ಎಂಬ ಹೆಸರುಗಳು ಬಳಕೆಯಲ್ಲಿವೆ. ಮಾನಸಿಕ ತೊಂದರೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಮೂರನ್ನೂ 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂಬ ಒಂದೇ ತಲೆಬರಹದಡಿ ತಂದಿತು. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ, ವಯಸ್ಕರಲ್ಲಿ ಸುಮಾರು ಶೇ. 4ರಷ್ಟು ಮಂದಿಗೆ ಇದು ಇರಬಹುದು ಎನ್ನುವುದು ಅದೇ ಕೈಪಿಡಿಯ ಅಂದಾಜು.

ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಈ ಮಾತು ಇಂದು ನಿನ್ನೆಯದಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ ಹದಿನಾಲ್ಕರ ಹುಡುಗನೊಬ್ಬನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ಹುಡುಗ ಚುರುಕು, ಆಟದಲ್ಲೂ ಮುಂದು, ಓದು ಮಾತ್ರ ಹತ್ತುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಮೇಷ್ಟ್ರ ಮಾತು ಇವತ್ತಿಗೂ ಒಳ್ಳೆಯ ಸುಳಿವು. ಬಾಯಿಮಾತಿನಲ್ಲಿ ಕಾಣುವ ಮನುಷ್ಯನಿಗೂ ಕಾಗದದ ಮೇಲೆ ಕಾಣುವ ಮನುಷ್ಯನಿಗೂ ಅಜಗಜಾಂತರವಿದೆಯೇ? ಇದ್ದರೆ ಮುಂದಕ್ಕೆ ಹೋಗಿ.

ಹಂತ 2: 'ಯಾವಾಗಿನಿಂದ?' ಎಂದು ಕೇಳಿಕೊಳ್ಳಿ

ಈ ಒಂದು ಪ್ರಶ್ನೆ ಅರ್ಧ ಗೊಂದಲವನ್ನು ಬಗೆಹರಿಸುತ್ತದೆ. ಕಲಿಕಾ ನ್ಯೂನತೆ ದೊಡ್ಡವರಾದ ಮೇಲೆ ಹೊಸದಾಗಿ ಬರುವುದಿಲ್ಲ. ಬೇರು ಶಾಲೆಯ ದಿನಗಳಲ್ಲೇ ಇರುತ್ತದೆ. ಆಗ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ, ಅದು ಬೇರೆ ಮಾತು. ನೆನಪಿನ ಶಕ್ತಿಯಿಂದಲೋ, ಗೆಳೆಯರ ನೋಟ್ಸಿನಿಂದಲೋ, ಉರುಹೊಡೆದೋ ಡಿಗ್ರಿ ಮುಗಿಸಿದವರಿದ್ದಾರೆ. ಅಂಥವರಿಗೆ ಪ್ರಮೋಷನ್ ಸಿಕ್ಕಿ, ವಾರಕ್ಕೊಂದು ವರದಿ ಬರೆಯುವ ಜವಾಬ್ದಾರಿ ಹೆಗಲೇರಿದಾಗಲೇ ಬಣ್ಣ ಬಯಲಾಗುವುದು. ಕೆಲಸದ ಭಾರ ಸಾಮರ್ಥ್ಯವನ್ನು ಮೀರುವವರೆಗೂ ಲಕ್ಷಣ ಪೂರ್ತಿ ಹೊರಬರದೆ ಇರಬಹುದು ಎಂದು ಡಿಎಸ್‌ಎಂ-5 ಕೂಡ ಒಪ್ಪುತ್ತದೆ.

ಮೊದಲು ಚೆನ್ನಾಗಿ ಓದಿ ಬರೆಯುತ್ತಿದ್ದವರಿಗೆ ಈಗ ಕಷ್ಟವಾಗುತ್ತಿದ್ದರೆ ಕಾರಣ ಬೇರೆಯೇ. ನಲವತ್ತು ದಾಟಿದವರಿಗೆ ಬರುವ ಚಾಳೀಸು, ಥೈರಾಯ್ಡ್, ಖಿನ್ನತೆ, ನಿದ್ರೆಗೇಡು, ತಲೆಗೆ ಬಿದ್ದ ಪೆಟ್ಟು, ಮರೆವಿನ ಕಾಯಿಲೆ, ಹೀಗೆ ಪಟ್ಟಿ ಉದ್ದವಿದೆ. ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಅಕ್ಷರ ಗುರುತು ಸಿಗದಂತಾದರೆ, ಮಾತು ತೊದಲಿದರೆ, ಬರೆಯುವ ಕೈಯಲ್ಲಿ ಬಲ ಕುಂದಿದರೆ ಅದು ಪಾರ್ಶ್ವವಾಯುವಿನ ಸೂಚನೆ ಇರಬಹುದು. ಲೇಖನ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಹಂತ 3: ಸುತ್ತುದಾರಿಗಳನ್ನು ಗಮನಿಸಿ

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

"ಕನ್ನಡಕ ತಂದಿಲ್ಲ, ನೀವೇ ಓದಿ ಹೇಳಿಬಿಡಿ" ಎನ್ನುವವರನ್ನು ನೋಡಿರುತ್ತೀರಿ. ಒಂದು ಸಲ ಹೇಳಿದರೆ ಕನ್ನಡಕ ನಿಜಕ್ಕೂ ಮರೆತಿರುತ್ತದೆ. ಪ್ರತಿ ಸಲವೂ ಅದೇ ಮಾತು ಬಂದರೆ ಅನುಮಾನಪಡಬೇಕು. ಫಾರ್ಮ್ ಕೊಟ್ಟರೆ "ಮನೆಗೆ ಒಯ್ದು ತುಂಬಿ ತರುತ್ತೇನೆ" ಎನ್ನುವುದು, ಎಲ್ಲರೆದುರು ಬೋರ್ಡಿನ ಮೇಲೆ ಬರೆಯಬೇಕಾದಾಗ "ನನ್ನ ಅಕ್ಷರ ಗಲೀಜು, ನೀನೇ ಬರಿ" ಎಂದು ಮಾರ್ಕರ್ ದಾಟಿಸುವುದು, ಮೆಸೇಜಿಗೆ ಉತ್ತರ ಬರೆಯುವ ಬದಲು ತಟ್ಟನೆ ಫೋನ್ ಮಾಡುವುದು, ಗ್ರೂಪಿನಲ್ಲಿ ಬರೀ ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುವುದು, ಹೋಟೆಲಿನಲ್ಲಿ ಮೆನು ತೆರೆಯದೆ ಪಕ್ಕದವರು ಹೇಳಿದ್ದನ್ನೇ ಹೇಳುವುದು ಇಂಥವೇ. ಬಿಲ್ ಹಂಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಎದ್ದು ಹೋಗುವವರೂ ಉಂಟು. ಜಿಪುಣರೆಂಬ ಹೆಸರು ಬಂದರೂ ಅವರಿಗೆ ಚಿಂತೆಯಿಲ್ಲ, ಭಾಗಾಕಾರ ಬರುವುದಿಲ್ಲ ಎಂದು ತಿಳಿಯದಿದ್ದರೆ ಸಾಕು.

ಇನ್ನು ಕೆಲವು ಸುತ್ತುದಾರಿಗಳು ಗುಣದಂತೆಯೇ ಕಾಣುತ್ತವೆ. ಹತ್ತು ಗಂಟೆಯ ಮೀಟಿಂಗಿಗೆ ಒಂಬತ್ತಕ್ಕೇ ಬಂದು ಕೂರುವವರು ಶಿಸ್ತಿನ ಸಿಪಾಯಿಗಳೇ ಇರಬಹುದು. ಎಲ್ಲರಿಗಿಂತ ಮೊದಲು ಕಾಗದಗಳನ್ನು ನಾಲ್ಕು ಸಲ ಓದಿ ಮುಗಿಸುವುದು ಅವರ ಉದ್ದೇಶವೂ ಇರಬಹುದು. ಒಂದು ಪುಟದ ಇಮೇಲ್ ಕಳಿಸಲು ರಾತ್ರಿ ಹನ್ನೊಂದರವರೆಗೆ ಕೂರುವ ಉದ್ಯೋಗಿಯನ್ನು 'ಶ್ರಮಜೀವಿ' ಎಂದು ಹೊಗಳುತ್ತೇವೆ. ಬರೆಯುವ ಕೆಲಸ ಹೆಚ್ಚು ಎಂಬ ಒಂದೇ ಕಾರಣಕ್ಕೆ ಬಡ್ತಿ ಬೇಡವೆಂದವರನ್ನು 'ಆಸೆಯಿಲ್ಲದ ಮನುಷ್ಯ' ಎನ್ನುತ್ತೇವೆ. ಬರೆದುಕೊಳ್ಳುವುದು ಕಷ್ಟವೆಂದು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುವವರ ನೆನಪಿನ ಶಕ್ತಿಗೆ ಬೆರಗಾಗುತ್ತೇವೆ.

ನಿಮ್ಮನ್ನು ನೀವೇ ಗಮನಿಸುತ್ತಿದ್ದರೆ ಒಂದು ನೇರ ಪ್ರಶ್ನೆ: ಯಾವ ಕೆಲಸವನ್ನು ಯಾರೂ ನೋಡದಿರುವಾಗ ಮಾತ್ರ ಮಾಡುತ್ತೀರಿ? ಉತ್ತರದಲ್ಲಿ ಓದು, ಬರಹ ಅಥವಾ ಲೆಕ್ಕ ಬಂದರೆ ಗುರುತು ಹಾಕಿಕೊಳ್ಳಿ.

ಹಂತ 4: ಓದು, ಬರಹ, ಲೆಕ್ಕ ಒಂದೊಂದನ್ನೂ ಬಿಡಿಸಿ ನೋಡಿ

ಓದಿನಿಂದ ಶುರುಮಾಡಿ. ಡಿಸ್‌ಲೆಕ್ಸಿಯಾದ ಮೂಲ ಕಣ್ಣಿನಲ್ಲಿಲ್ಲ, ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳಿಗೆ ಜೋಡಿಸುವ ಮಿದುಳಿನ ಕೆಲಸದಲ್ಲಿದೆ ಎಂಬುದು ಸಂಶೋಧಕರಲ್ಲಿ ಹೆಚ್ಚಿನವರು ಒಪ್ಪಿರುವ ಮಾತು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುತ್ತವೆ ಎಂಬ ನಂಬಿಕೆ ಬಹಳ ಕಡೆ ಇದೆ. ದೊಡ್ಡವರಲ್ಲಿ ಆ ಲಕ್ಷಣಕ್ಕಾಗಿ ಕಾಯುತ್ತಾ ಕುಳಿತರೆ ಅಸಲಿ ಲಕ್ಷಣ ಕೈತಪ್ಪುತ್ತದೆ.

ಅಸಲಿ ಲಕ್ಷಣ ನಿಧಾನ. ಅಕ್ಷರಕ್ಕೂ ಧ್ವನಿಗೂ ನೇರ ಸಂಬಂಧವಿರುವ ಲಿಪಿಗಳಲ್ಲಿ ಡಿಸ್‌ಲೆಕ್ಸಿಯಾ ಇರುವ ವಯಸ್ಕರು ತಪ್ಪು ಓದುವುದು ಕಡಿಮೆ, ನಿಧಾನವಾಗಿ ಓದುವುದು ಹೆಚ್ಚು. ಕನ್ನಡವೂ ಬರೆದಂತೆ ಓದುವ ಭಾಷೆ. ಹಾಗಾಗಿ ಕನ್ನಡ ಪತ್ರಿಕೆಯನ್ನು ತಪ್ಪಿಲ್ಲದೆ ಓದಿದರು ಎಂಬ ಕಾರಣಕ್ಕೆ ತೊಂದರೆ ಇಲ್ಲವೆಂದು ತೀರ್ಮಾನಿಸಬೇಡಿ. ಎಷ್ಟು ಹೊತ್ತು ಹಿಡಿಯಿತು? ಓದಿದ ಮೇಲೆ ದಣಿವಾಯಿತೇ? ಪ್ಯಾರಾದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತು ಮತ್ತೆ ಹಿಂದಕ್ಕೆ ಹೋಗಬೇಕಾಯಿತೇ? ಸಿನಿಮಾದ ಸಬ್‌ಟೈಟಲ್ ಓದಿ ಮುಗಿಯುವ ಮುನ್ನವೇ ಮಾಯವಾಗುತ್ತದೆಯೇ? ಇಂಗ್ಲಿಷ್‌ನಂಥ ಕಾಗುಣಿತದ ಕಟ್ಟಿಗೆ ಸಿಗದ ಭಾಷೆಯಲ್ಲಾದರೆ ತಪ್ಪುಗಳೂ ಎದ್ದು ಕಾಣುತ್ತವೆ. ಒಂದೇ ಪದಕ್ಕೆ ಒಂದೇ ಪುಟದಲ್ಲಿ ಮೂರು ಬಗೆಯ ಸ್ಪೆಲಿಂಗ್ ಬರುವುದು ಸಾಮಾನ್ಯ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಅರ್ಥವೇ ಇಲ್ಲದ ಪದಗಳನ್ನು ಓದಿ ನೋಡುವುದು: 'ತಳುಬ್ರಿಗೆ', 'ಚಿಳುಪ್ತರಿಕೆ', 'ಮೊಷ್ಕಾದಳಿ'. ಪರಿಚಿತ ಪದವನ್ನು ಆಕಾರ ನೋಡಿಯೇ ಊಹಿಸಬಹುದು, ಇಂಥ ಪದವನ್ನು ಅಕ್ಷರ ಅಕ್ಷರ ಬಿಡಿಸಿಯೇ ಓದಬೇಕು. ತಜ್ಞರ ಪರೀಕ್ಷೆಯಲ್ಲೂ ಈ ಬಗೆಯ ಭಾಗ ಇದ್ದೇ ಇರುತ್ತದೆ. ಮನೆಯ ಪ್ರಯೋಗದಿಂದ ರೋಗನಿರ್ಣಯ ಆಗುವುದಿಲ್ಲ. ಎಲ್ಲಿ ಎಡವುತ್ತೀರಿ ಎಂಬುದು ತಿಳಿಯುತ್ತದೆ, ಅಷ್ಟೇ. ಹೊಸ ಹೆಸರುಗಳನ್ನು, ಔಷಧಿಗಳ ಹೆಸರುಗಳನ್ನು ಓದುವಾಗ ನಾಲಿಗೆ ತಡವರಿಸುವುದೂ ಇದೇ ಜಾತಿಗೆ ಸೇರಿದ್ದು.

ಬರವಣಿಗೆಯಲ್ಲಿ ಒತ್ತಕ್ಷರ ಬಿಟ್ಟುಹೋಗುವುದು, ದೀರ್ಘ ಹ್ರಸ್ವವಾಗುವುದು, ಸೊನ್ನೆ ಜಾರುವುದು, ಪದದ ನಡುವಿನ ಅಕ್ಷರ ಅದಲುಬದಲಾಗುವುದು ಕಾಣಬಹುದು. ಒಂದು ಎಚ್ಚರಿಕೆ: ಅಕಾರ ಹಕಾರ ಅದಲುಬದಲಾಗುವುದು, ಮಹಾಪ್ರಾಣ ಬಿಡುವುದು, ಣ-ನ, ಳ-ಲ ಬೆರೆಸುವುದು ಆಡುಮಾತಿನ ಪ್ರಭಾವವೂ ಆಗಿರಬಹುದು. ಮನೆಮಾತಿನಲ್ಲಿ ಹಕಾರವೇ ಇಲ್ಲದವರು ಅದನ್ನು ಬರೆಯುವಾಗ ಬಿಟ್ಟರೆ ಅದನ್ನು ನ್ಯೂನತೆ ಎನ್ನುವುದು ಅನ್ಯಾಯ. ಅಕ್ಷರದೋಷಕ್ಕಿಂತ ಹೆಚ್ಚು ಬೆಲೆಯುಳ್ಳ ಸುಳಿವು ಇನ್ನೊಂದಿದೆ. ಒಂದು ವಿಷಯವನ್ನು ಐದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ನಂತರ ಅದನ್ನೇ ಕಾಗದದ ಮೇಲೆ ಬರೆಯಿರಿ. ಮಾತು ಸರಾಗ, ಅಚ್ಚುಕಟ್ಟು; ಬರಹ ಮೂರು ಸಾಲಿಗೇ ನಿಂತು, ಗೊತ್ತಿರುವ ಒಳ್ಳೆಯ ಪದಗಳನ್ನೆಲ್ಲ ಸ್ಪೆಲಿಂಗಿನ ಭಯದಿಂದ ಕೈಬಿಟ್ಟಿದ್ದರೆ, ಆ ಎರಡರ ನಡುವಿನ ಅಂತರವೇ ಉತ್ತರ.

ಲೆಕ್ಕದ ತೊಂದರೆಯನ್ನು ಗುರುತಿಸುವುದು ಕಷ್ಟ, ಏಕೆಂದರೆ "ನನಗೆ ಗಣಿತ ಆಗಿಬರಲ್ಲ" ಎಂದು ನಗುತ್ತಾ ಹೇಳಲು ಯಾರಿಗೂ ನಾಚಿಕೆಯಿಲ್ಲ. ಬೀಜಗಣಿತ ಬಾರದಿರುವುದು ಡಿಸ್‌ಕ್ಯಾಲ್ಕುಲಿಯಾ ಅಲ್ಲ. ಸಂಖ್ಯೆಯ ಗಾತ್ರವೇ ಮನಸ್ಸಿಗೆ ಹತ್ತದಿರುವುದು, 7ಕ್ಕೆ 5 ಕೂಡಿಸಲು ಈಗಲೂ ಮೇಜಿನ ಕೆಳಗೆ ಬೆರಳು ಮಡಿಸುವುದು, ಎಷ್ಟು ಸಲ ಕಲಿತರೂ ಮಗ್ಗಿ ನಿಲ್ಲದಿರುವುದು, 36ನ್ನು 63 ಎಂದು ಬರೆಯುವುದು, ಅಂಗಡಿಯಲ್ಲಿ ಚಿಲ್ಲರೆ ಸರಿಯಿದೆಯೋ ಇಲ್ಲವೋ ಅಂದಾಜೇ ಸಿಗದಿರುವುದು, ಮುಳ್ಳಿನ ಗಡಿಯಾರ ನೋಡಿ ಹೊತ್ತು ಹೇಳಲು ತಡಕಾಡುವುದು, ಹೊರಡಬೇಕಾದ ಸಮಯದ ಲೆಕ್ಕ ಪ್ರತಿ ಸಲ ತಪ್ಪುವುದು. ಇವು ಒಟ್ಟೊಟ್ಟಿಗೆ ಇದ್ದರೆ ಗಂಭೀರವಾಗಿ ತೆಗೆದುಕೊಳ್ಳಿ.

ಇದರ ಜೊತೆಗೆ ಎಡ ಬಲ ತಿಳಿಯದೆ ಗೊಂದಲಪಡುವುದು, ಮೂರು ನಾಲ್ಕು ಸೂಚನೆಗಳನ್ನು ಒಟ್ಟಿಗೆ ಕೊಟ್ಟರೆ ಕೊನೆಯದು ಮಾತ್ರ ಉಳಿಯುವುದು, ಒಟಿಪಿಯ ಅಂಕೆಗಳನ್ನು ಒಂದು ಕಡೆ ನೋಡಿ ಇನ್ನೊಂದು ಕಡೆ ಒತ್ತುವಷ್ಟರಲ್ಲಿ ಮರೆಯುವುದು ಇರಬಹುದು. ಇವುಗಳಷ್ಟನ್ನೇ ನೋಡಿ ಏನೂ ಹೇಳಲಾಗದು.

ಹಂತ 5: ಹಳೆಯ ಕಾಗದ, ಹಳೆಯ ಮಂದಿ

ಅಂಕಪಟ್ಟಿಗಳಿದ್ದರೆ ಹೊರತೆಗೆಯಿರಿ. ಒಟ್ಟು ಅಂಕಕ್ಕಿಂತ ವಿಷಯಗಳ ನಡುವಿನ ಏರುಪೇರು ಮುಖ್ಯ. 'ಬುದ್ಧಿವಂತ, ಆದರೆ ಗಮನವಿಲ್ಲ', 'ಇನ್ನೂ ಶ್ರಮಪಟ್ಟರೆ ಸಾಧ್ಯ' ಎಂಬ ಷರಾ ವರ್ಷ ವರ್ಷವೂ ಬಂದಿದೆಯೇ ನೋಡಿ. ಹಳೆಯ ನೋಟ್‌ಬುಕ್ ಸಿಕ್ಕರೆ ಇನ್ನೂ ಒಳ್ಳೆಯದು. ಹದಿನೇಳು ದಾಟಿದವರಿಗೆ ಕಲಿಕೆಯ ತೊಂದರೆಯ ದಾಖಲೆಗಳನ್ನು ಹೊಸ ಪರೀಕ್ಷೆಗೆ ಬದಲಾಗಿ ಪರಿಗಣಿಸಲು ಡಿಎಸ್‌ಎಂ-5 ಅವಕಾಶ ಕೊಡುತ್ತದೆ. ಆದ್ದರಿಂದ ರದ್ದಿಗೆ ಹಾಕಬೇಕೆಂದಿದ್ದ ಆ ಕಟ್ಟನ್ನು ಸದ್ಯಕ್ಕೆ ಉಳಿಸಿಕೊಳ್ಳಿ.

ಮನೆಯ ಹಿರಿಯರನ್ನು ಕೇಳಿ: ಮಾತು ತಡವಾಗಿ ಬಂತೇ, ಅಕ್ಷರ ಕಲಿಯಲು ಒಡಹುಟ್ಟಿದವರಿಗಿಂತ ಹೆಚ್ಚು ಕಾಲ ಹಿಡಿಯಿತೇ, ಗಟ್ಟಿಯಾಗಿ ಓದು ಎಂದಾಗ ಹೊಟ್ಟೆನೋವು ಬರುತ್ತಿತ್ತೇ. ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂಬುದನ್ನೂ ಕೇಳಿ. ಈ ನ್ಯೂನತೆ ಕುಟುಂಬಗಳಲ್ಲಿ ಹರಿದುಬರುತ್ತದೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಓದಿನ ನ್ಯೂನತೆ ಇದ್ದರೆ ಅದು ಬರುವ ಸಾಧ್ಯತೆ ಉಳಿದವರಿಗಿಂತ 4ರಿಂದ 8 ಪಟ್ಟು ಹೆಚ್ಚು, ಲೆಕ್ಕದ ನ್ಯೂನತೆಯಾದರೆ 5ರಿಂದ 10 ಪಟ್ಟು. 'ಅಜ್ಜನಿಗೆ ಓದು ತಲೆಗೆ ಹತ್ತಲಿಲ್ಲ, ಕೆಲಸಕ್ಕೆ ನಿಂತರು' ಎಂಬ ಮನೆಯ ಕಥೆಯ ಹಿಂದೆ ಏನಿತ್ತೋ, ಈಗ ಊಹಿಸಬಹುದು.

ಹಂತ 6: ಹೋಲುವ ಕಾರಣಗಳನ್ನು ತೆಗೆದುಹಾಕಿ

ಕಣ್ಣು ಮತ್ತು ಕಿವಿಯ ಪರೀಕ್ಷೆ ಮೊದಲು. ಅಗ್ಗದ ಹೆಜ್ಜೆ, ಆದರೂ ಜನ ಇದನ್ನೇ ಬಿಡುತ್ತಾರೆ.

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವ, ಅತಿ ಚಡಪಡಿಕೆಯ ತೊಂದರೆ. ಅದರಲ್ಲಿ ಓದು ಕೆಡುವುದು ಗಮನ ಜಾರುವುದರಿಂದ. ಆಸಕ್ತಿಯ ವಿಷಯ ಸಿಕ್ಕರೆ ಅವರೇ ಗಂಟೆಗಟ್ಟಲೆ ಸರಾಗ ಓದುತ್ತಾರೆ. ಡಿಸ್‌ಲೆಕ್ಸಿಯಾ ಇರುವವರಿಗೆ ಇಷ್ಟದ ವಿಷಯವಾದರೂ ಅಕ್ಷರ ಬಿಡಿಸುವ ಕಷ್ಟ ತಪ್ಪುವುದಿಲ್ಲ. ಎರಡೂ ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ, ಆದ್ದರಿಂದ ಒಂದು ಸಿಕ್ಕಿತೆಂದು ಇನ್ನೊಂದನ್ನು ಕೈಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಎಡಿಎಚ್‌ಡಿ ಪ್ರಶ್ನಾವಳಿ ಮೊದಲ ಜರಡಿಯಾಗಿ ಬಳಕೆಯಲ್ಲಿದೆ. ಇದನ್ನು ಬೇರ್ಪಡಿಸಿ ತಿಳಿಯುವುದರಲ್ಲಿ ಲಾಭವೂ ಇದೆ: ಎಡಿಎಚ್‌ಡಿಗೆ ಔಷಧವಿದೆ, ಕಲಿಕಾ ನ್ಯೂನತೆಗೆ ಮಾತ್ರೆಯಿಲ್ಲ.

ಆತಂಕ ಮತ್ತು ಖಿನ್ನತೆಯನ್ನು ಬಿಡಿಸುವುದು ಇನ್ನೂ ಸೂಕ್ಷ್ಮ. ಮನಸ್ಸು ಕುಗ್ಗಿದಾಗ ಓದು ಕೆಡುತ್ತದೆ, ನಿಜ. ಆದರೆ ಇಪ್ಪತ್ತು ವರ್ಷ 'ದಡ್ಡ' ಎನ್ನಿಸಿಕೊಂಡವರ ಮನಸ್ಸು ಕುಗ್ಗಿರುವುದೂ ಸಹಜವೇ. ಯಾವುದು ಮೊದಲು ಬಂತು ಎಂಬುದಕ್ಕೆ ಎರಡನೇ ಹಂತದ ಪ್ರಶ್ನೆಗೇ ಮರಳಬೇಕು.

ಕೊನೆಯದು, ಕಲಿಸಿದ ರೀತಿ. ಸರಿಯಾದ ಶಾಲೆಯೇ ಸಿಗದವರು, ಮನೆಯಲ್ಲಿ ಒಂದು ಭಾಷೆ ಶಾಲೆಯಲ್ಲಿ ಇನ್ನೊಂದು ಎಂದು ಕಲಿತವರು ಆ ಎರಡನೇ ಭಾಷೆಯಲ್ಲಿ ತಡವರಿಸಿದರೆ ಅದು ನ್ಯೂನತೆಯಲ್ಲ. ಚೆನ್ನಾಗಿ ಬಲ್ಲ ಭಾಷೆಯಲ್ಲೂ ಅದೇ ಎಡವಟ್ಟು ಕಂಡರೆ ಮಾತ್ರ ಅನುಮಾನ ಗಟ್ಟಿಯಾಗುತ್ತದೆ.

ಹಂತ 7: ಎರಡು ವಾರ ಟಿಪ್ಪಣಿ ಇಡಿ

ಬರೆಯುವುದೇ ಕಷ್ಟವಿರುವವರಿಗೆ ಡೈರಿ ಬರೆಯಿರಿ ಎನ್ನುವುದು ಗಾಯಕ್ಕೆ ಉಪ್ಪು ಸವರಿದಂತೆ, ಹಾಗಾಗಿ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಏನು ಕೆಲಸ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಕೊಂಡಿರಿ, ಹೇಗೆ ಪಾರಾದಿರಿ. ನಾಲ್ಕು ವಾಕ್ಯ ಸಾಕು. 'ಓದಲು ಕಷ್ಟ' ಎಂಬ ಮಾತಿನಿಂದ ತಜ್ಞರಿಗೆ ಹೆಚ್ಚೇನೂ ತಿಳಿಯುವುದಿಲ್ಲ. 'ಎರಡು ಪುಟದ ಸುತ್ತೋಲೆಗೆ ಮುಕ್ಕಾಲು ಗಂಟೆ, ಆಮೇಲೂ ಪಕ್ಕದವರನ್ನು ಕೇಳಿದೆ' ಎಂದರೆ ಬಹಳಷ್ಟು ತಿಳಿಯುತ್ತದೆ.

ಹಂತ 8: ಪರೀಕ್ಷೆಗೆ ಹೋಗಿ

ವಯಸ್ಕರ ಕಲಿಕಾ ನ್ಯೂನತೆಯನ್ನು ಪರೀಕ್ಷಿಸುವವರು ಕ್ಲಿನಿಕಲ್ ಸೈಕಾಲಜಿಸ್ಟ್, ನ್ಯೂರೋಸೈಕಾಲಜಿಸ್ಟ್ ಅಥವಾ ಶೈಕ್ಷಣಿಕ ಮನಶ್ಶಾಸ್ತ್ರಜ್ಞರು. ಹೆಚ್ಚಿನವರು ಮಕ್ಕಳ ಜೊತೆಗೇ ಕೆಲಸ ಮಾಡಿದವರಾದ್ದರಿಂದ ಸಮಯ ಗೊತ್ತುಮಾಡುವ ಮುನ್ನ ಕೇಳಿಬಿಡಿ: ದೊಡ್ಡವರನ್ನು ಪರೀಕ್ಷಿಸಿ ಅಭ್ಯಾಸವಿದೆಯೇ? ನಾನು ಓದಿದ ಭಾಷೆಯಲ್ಲಿ ಪರೀಕ್ಷಿಸುತ್ತೀರಾ? ಕೊನೆಗೆ ಲಿಖಿತ ವರದಿ ಸಿಗುತ್ತದೆಯೇ?

ರಕ್ತಪರೀಕ್ಷೆ, ಸ್ಕ್ಯಾನ್‌ಗಳಿಂದ ಇದನ್ನು ಪತ್ತೆಹಚ್ಚಲಾಗದು. ಪತ್ತೆಹಚ್ಚುತ್ತೇವೆ ಎಂದು ಹೇಳಿ ಸ್ಕ್ಯಾನ್ ಮಾಡಿಸುವವರಿಂದ ದೂರವಿರಿ. ಪರೀಕ್ಷೆ ಎಂದರೆ ಮೊದಲು ದೀರ್ಘ ಮಾತುಕತೆ, ನಂತರ ಹಲವು ಗಂಟೆಗಳ ಚಟುವಟಿಕೆ. ಕೆಲವೊಮ್ಮೆ ಎರಡು ಮೂರು ಭೇಟಿಗಳಲ್ಲಿ ಮುಗಿಯುತ್ತದೆ. ವೆಕ್ಸ್‌ಲರ್ ಮಾಪನದಂಥ ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ, ಓದಿನ ವೇಗ ಮತ್ತು ನಿಖರತೆ, ಅರ್ಥವಿಲ್ಲದ ಪದಗಳ ಓದು, ಉಕ್ತಲೇಖನ, ಗ್ರಹಿಕೆ, ಲೆಕ್ಕ, ಅಂಕೆಗಳನ್ನು ಕೇಳಿಸಿಕೊಂಡು ಹಿಂದುಮುಂದಾಗಿ ಹೇಳುವುದು, ಸಾಲಾಗಿರುವ ಬಣ್ಣ ಅಥವಾ ಚಿತ್ರಗಳ ಹೆಸರನ್ನು ಬೇಗ ಬೇಗ ಹೇಳುವುದು. ಈ ಕೊನೆಯದು ಆಟದಂತೆ ಕಂಡರೂ ಓದಿನ ವೇಗಕ್ಕೂ ಅದಕ್ಕೂ ಹತ್ತಿರದ ನಂಟಿದೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಹೋಗಿ. ತಯಾರಿ ನಡೆಸಬೇಡಿ, ಇದು ಪಾಸಾಗಬೇಕಾದ ಪರೀಕ್ಷೆಯಲ್ಲ.

ವರದಿಯ ಕೊನೆಯ ಪುಟದಲ್ಲಿರುವ ಶಿಫಾರಸುಗಳೇ ನಿಮಗೆ ಬೇಕಾದ್ದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಓದಿ ಹೇಳುವ ತಂತ್ರಾಂಶ, ಕ್ಯಾಲ್ಕುಲೇಟರ್ ಬಳಕೆಗೆ ಅನುಮತಿ ಕೇಳುವಾಗ ಆ ಪುಟವನ್ನೇ ತೋರಿಸಬೇಕು. ಅವು ಮೊಗಮ್ಮಾಗಿದ್ದರೆ ಸ್ಪಷ್ಟವಾಗಿ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಅನುಮಾನ ನಿಮ್ಮವರ ಬಗ್ಗೆ ಇದ್ದರೆ

ಹೆಸರಿಡಬೇಡಿ. "ನಿನಗೆ ಡಿಸ್‌ಲೆಕ್ಸಿಯಾ ಇದೆ ಅನ್ನಿಸುತ್ತೆ" ಎಂಬ ಮಾತನ್ನು ಊಟಕ್ಕೆ ಕೂತಾಗ ಎಲ್ಲರೆದುರು ಎಸೆದರೆ, ವರ್ಷಗಟ್ಟಲೆ ಮುಚ್ಚಿಟ್ಟಿದ್ದನ್ನು ಬೀದಿಗೆ ಹಾಕಿದಂತಾಗುತ್ತದೆ. ಇಬ್ಬರೇ ಇದ್ದಾಗ, ಕಂಡ ಒಂದು ಸಂಗತಿಯನ್ನಷ್ಟೇ ಹೇಳಿ: "ಫಾರ್ಮ್ ತುಂಬುವಾಗ ನಿಮಗೆ ತುಂಬ ಹಿಂಸೆ ಆಗುತ್ತೆ ಅಲ್ವಾ? ಮೊದಲಿಂದಲೂ ಹೀಗೇನಾ?" ಉತ್ತರ ಬಾರದಿದ್ದರೆ ಅಲ್ಲಿಗೇ ಬಿಡಿ. ಒಪ್ಪಿಗೆಯಿಲ್ಲದೆ ಮೇಲಧಿಕಾರಿಗೆ, ನೆಂಟರಿಗೆ ಹೇಳುವುದಂತೂ ಬೇಡವೇ ಬೇಡ. ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅದರ ಪರಿಣಾಮ ಅನುಭವಿಸುವವರು ಅವರು.

ವರದಿಗೆ ಕಾಯದೆ ಮಾಡಬಹುದಾದದ್ದು

ಫೋನು, ಕಂಪ್ಯೂಟರುಗಳಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ, ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯ ಈಗಾಗಲೇ ಇವೆ; ಇವತ್ತೇ ಸೆಟ್ಟಿಂಗ್ಸ್ ತೆರೆದು ಚಾಲೂ ಮಾಡಿ. ಕಿವಿಯಿಂದ ಕೇಳುತ್ತಾ ಕಣ್ಣಿನಿಂದ ಓದುವುದು ಅನೇಕರಿಗೆ ಹಿಡಿಸುತ್ತದೆ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಹೆಚ್ಚಿಸಿ. ಮೀಟಿಂಗಿನ ಕಾಗದಪತ್ರಗಳನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ. ಯಾರೂ ಕಾರಣ ಕೇಳುವುದಿಲ್ಲ. ಅಂಕೆಗಳನ್ನು ಕಾಪಿ-ಪೇಸ್ಟ್ ಮಾಡಿ, ಕೈಯಲ್ಲಿ ಒತ್ತಬೇಡಿ.

ಬಣ್ಣದ ಗಾಜಿನ ಕನ್ನಡಕ, ಕಣ್ಣಿನ ವ್ಯಾಯಾಮ, ಮಿದುಳಿನ ತರಬೇತಿಯ ಆಟಗಳು ಎಂದು ಮಾರುವವರಿಗೆ ಹಣ ಕೊಡುವ ಮುನ್ನ ಯೋಚಿಸಿ. ಅವು ಓದಿನ ನ್ಯೂನತೆಯನ್ನು ಸರಿಪಡಿಸುತ್ತವೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಟನೆಗಳು 2009ರಲ್ಲೇ ಜಂಟಿ ಹೇಳಿಕೆ ಕೊಟ್ಟು ಕಣ್ಣಿನ ವ್ಯಾಯಾಮವನ್ನೂ ಬಣ್ಣದ ಗಾಜನ್ನೂ ತಳ್ಳಿಹಾಕಿವೆ. ದುಡ್ಡು ಖರ್ಚು ಮಾಡುವುದಿದ್ದರೆ ಧ್ವನಿ ಮತ್ತು ಅಕ್ಷರದ ಸಂಬಂಧವನ್ನು ಹಂತ ಹಂತವಾಗಿ ಕಲಿಸಬಲ್ಲ ವಿಶೇಷ ಶಿಕ್ಷಕರಿಗೆ ಕೊಡಿ. ದೊಡ್ಡವರಿಗೂ ಅದು ಫಲ ಕೊಡುತ್ತದೆ, ನಿಧಾನವಾಗಿಯಾದರೂ.

ಮಕ್ಕಳಿರುವವರು ಮೇಲೆ ಹೇಳಿದ 4ರಿಂದ 8 ಪಟ್ಟಿನ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ನಿಮ್ಮ ವರದಿ ಬಂದ ಮೇಲೆ ಮಗುವಿನ ಶಾಲೆಯಲ್ಲಿ ಒಮ್ಮೆ ಮಾತಾಡಿ, ಅಕ್ಷರ ಕಲಿಯುವ ವರ್ಷಗಳಲ್ಲೇ ಗಮನವಿಡುವಂತೆ ಕೇಳಿಕೊಳ್ಳಿ. ನಿಮ್ಮ ವರದಿಯ ಒಂದು ಪ್ರತಿಯನ್ನು ಮಗುವಿನ ಕಾಗದಗಳ ಜೊತೆಗೂ ಇಟ್ಟಿರಿ; ಮುಂದೆ ಮಗುವನ್ನು ಪರೀಕ್ಷಿಸುವವರು ಕುಟುಂಬದ ಹಿನ್ನೆಲೆಯನ್ನು ಕೇಳಿಯೇ ಕೇಳುತ್ತಾರೆ.